ಮಳೆಯೂರಿನ ಹಾಸ್ಟೆಲಿಗೆ ಬಿಸಿಲೂರಿನ ಉಡುಗೊರೆ

ನನ್ನ ಅಕ್ಕನ ಮಗಳಿಗೆ ಸಿಇಟಿ ಮೂಲಕ ಮಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ವಿಜಯಪುರದ ನಮ್ಮ ಬಳಗದಲ್ಲಿ ಹುಡುಗಿಯೊಬ್ಬಳು ಅಷ್ಟು ದೂರದ ಹಾಸ್ಟೆಲಿಗೆ ಹೋಗುತ್ತಿರುವುದು ಇದೇ ಮೊದಲಾದ್ದರಿಂದ ಕಾಕಾ, ಮೌಶಿ, ಅತ್ತಿ ಎಂದು ಎಲ್ಲರಿಗೂ ಅವಳ ಕೈಯಲ್ಲಿ ಏನಾದರೂ ಇಡುವ ಆಸೆಯಿತ್ತು. ಮದುವೆಗೆ, ತೊಟ್ಟಿಲಿಗೆ, ಗೃಹಪ್ರವೇಶಕ್ಕೆ ಏನು ಕೊಡಬೇಕೆಂಬುದು ನಮ್ಮಲ್ಲಿ ರೂಢಿಯಿಂದಲೇ ಗೊತ್ತಾಗಿರುತ್ತದೆ. ಹಾಸ್ಟೆಲಿಗೆ ಹೊರಟವರಿಗೆ ಏನು ಕೊಡಬೇಕೆಂಬ ರೂಢಿ ಮಾತ್ರ ಇನ್ನೂ ಬೆಳೆದಿಲ್ಲ. ಅದರಿಂದಾಗಿ ಸುದ್ದಿ ತಿಳಿದ ವಾರದೊಳಗೆ ಅಕ್ಕನ ಮನೆಗೆ ಬಂದ ವಸ್ತುಗಳೆಂದರೆ ಎರಡು ಗೋಡೆ ಗಡಿಯಾರ, ಗಾಜಿನ ಚೌಕಟ್ಟಿನ ಗಣಪತಿ, ಆರು ಜನರಿಗೆ ಬಡಿಸಬಹುದಾದ ಸ್ಟೀಲ್ ಪಾತ್ರೆಗಳ ಸೆಟ್ಟು ಮತ್ತು ಚರ್ಮದ ದುಬಾರಿ ಚೀಲ. ಕೊಟ್ಟವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಆದರೆ ಇವುಗಳಲ್ಲಿ ಒಂದೂ ಹಾಸ್ಟೆಲಿನ ಕೋಣೆಯೊಳಗೆ ಹೋಗುವಂಥದ್ದಾಗಿರಲಿಲ್ಲ. ಆಗ ಅಕ್ಕ, "ನೀ ಮಾಸ್ತರ ಅದಿ, ಏನ್ ಬೇಕು ಏನ್ ಬ್ಯಾಡ ಅಂತ ಒಂದ ಪಟ್ಟಿ ಬರದು ಎಲ್ಲಾರಿಗೂ ಕಳಸು" ಎಂದಳು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನನಗೆ, ಸೋದರಮಾವನಾಗಿ ಆ ಕೆಲಸವನ್ನು ಒಪ್ಪಿಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ.

ಪಟ್ಟಿಯನ್ನು ಅಂಗಡಿಯಿಂದ ಆರಂಭಿಸದೆ ಕೋಣೆಯಿಂದ ಆರಂಭಿಸಬೇಕೆಂದು ನಿರ್ಧರಿಸಿ, ಮೊದಲು ಹಾಸ್ಟೆಲಿನ ನಿಯಮಗಳ ಹಾಳೆಯನ್ನು ತರಿಸಿಕೊಂಡು ಓದಿದೆ. ಬಳಿಕ ಅದೇ ಹಾಸ್ಟೆಲಿನಲ್ಲಿ ಮೂರನೆಯ ವರ್ಷ ಓದುತ್ತಿದ್ದ ನಮ್ಮ ಜಿಲ್ಲೆಯದೇ ಹುಡುಗಿಯೊಬ್ಬಳೊಡನೆ ಅಕ್ಕನ ಮಗಳನ್ನು ಫೋನಿನಲ್ಲಿ ಮಾತನಾಡಿಸಿದೆ. ನಿಯಮದ ಹಾಳೆಯಿಂದ ತಿಳಿದದ್ದು ಏನನ್ನು ತರಬಾರದು ಎಂಬುದಷ್ಟೇ. ಏನು ಬೇಕೆಂಬುದನ್ನು ಹೇಳಿದವಳು ಆ ಹುಡುಗಿ. ಒಂದು ಕೋಣೆಗೆ ಮೂವರು, ತಲೆಗೊಂದು ಆರಡಿ ಉದ್ದ ಮೂರಡಿ ಅಗಲದ ಕಬ್ಬಿಣದ ಮಂಚ, ಒಂದು ಕಿರಿದಾದ ಕಪಾಟು, ಒಂದು ಮೇಜು, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಪ್ಲಗ್ ಪಾಯಿಂಟ್ ಇರುವುದು ಬಾಗಿಲ ಬಳಿ. ಮಂಚದ ಕೆಳಗಿನ ಜಾಗವೊಂದೇ ನಿಜವಾದ ಉಗ್ರಾಣ. ಇಷ್ಟನ್ನು ಹೇಳಿ ಮುಗಿಸುವಾಗ ಅವಳು ಸೇರಿಸಿದ ಮಾತು ನಮ್ಮ ಇಡೀ ಪಟ್ಟಿಯ ದಿಕ್ಕನ್ನೇ ನಿರ್ಧರಿಸಿತು: "ಅಕ್ಕ, ಇಲ್ಲಿ ಬಟ್ಟಿ ಒಣಗಂಗಿಲ್ಲ, ಅದೊಂದ ತಲಿಯಾಗ ಇಟಕೊಂಡು ಸಾಮಾನ ಕಟ್ರಿ." ಅವಳು 'ಅಕ್ಕ' ಎಂದದ್ದು ಜೊತೆಗೆ ಕೂತು ಕೇಳುತ್ತಿದ್ದ ನನ್ನ ಅಕ್ಕನಿಗೆ.

ವಿಜಯಪುರದಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಮಂಗಳೂರಿನಲ್ಲಿ ಅದು 3,500 ಮಿಲಿಮೀಟರನ್ನು ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಒಗೆದ ಬಟ್ಟೆಯನ್ನು ಮಾಳಿಗೆಯ ಮೇಲೆ ಹಾಕಿದರೆ ಊಟ ಮುಗಿಯುವುದರೊಳಗೆ ಒಣಗಿ ಗರಿಗರಿಯಾಗುವ ಊರಿನವರಿಗೆ, ಗಾಳಿಯಲ್ಲೇ ನೀರು ತುಂಬಿಕೊಂಡು ಒದ್ದೆ ಬಟ್ಟೆ ಒದ್ದೆಯಾಗಿಯೇ ಉಳಿಯುವ ಪರಿಸ್ಥಿತಿಯನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. ಆದ್ದರಿಂದ ಪ್ರತಿಯೊಂದು ವಸ್ತುವಿಗೂ ಮೂರು ಪ್ರಶ್ನೆಗಳನ್ನು ಹಾಕತೊಡಗಿದೆವು: ಇದು ಮಂಚದ ಕೆಳಗೆ ಹಿಡಿಯುವುದೆ, ವಾರ್ಡನ್ ಒಪ್ಪುವರೆ, ಒದ್ದೆಯಾದರೆ ಇದರ ಗತಿಯೇನು. ಮೂರನೆಯ ಪ್ರಶ್ನೆಗೆ ಚರ್ಮದ ಚೀಲ ಮೊದಲ ಬಲಿಯಾಯಿತು. ಕರಾವಳಿಯ ಮಳೆಗಾಲದಲ್ಲಿ ಕಪಾಟಿನೊಳಗಿಟ್ಟ ಚರ್ಮಕ್ಕೆ ಬಿಳಿ ಬೂಷ್ಟು ಹಿಡಿಯುತ್ತದೆ ಎಂಬುದನ್ನು ಕೊಟ್ಟವರಿಗೆ ತಿಳಿಸಿದಾಗ ಅವರೇ ಅದನ್ನು ಅಂಗಡಿಗೆ ಮರಳಿಸಿ, ಮಳೆಕವಚವಿರುವ ಬಟ್ಟೆಯ ಬೆನ್ನುಚೀಲವನ್ನು ತಂದುಕೊಟ್ಟರು.

ಜೀನ್ಸ್ ಪ್ಯಾಂಟು, ದಪ್ಪ ಟರ್ಕಿ ಟವೆಲ್ಲು, ಉಣ್ಣೆಯ ಸ್ವೆಟರು ಇವೆಲ್ಲ ಇದೇ ಕಾರಣಕ್ಕೆ ಪಟ್ಟಿಯಿಂದ ಹೊರಗುಳಿದವು. ಅವುಗಳ ಬದಲಿಗೆ ಮೌಶಿ ಕೊಟ್ಟದ್ದು ತೆಳು ಹತ್ತಿಯ ನಾಲ್ಕು ಬೈರಾಸಗಳನ್ನು, ಅಂದರೆ ಕರಾವಳಿಯವರು ಮೈ ಒರೆಸಲು ಬಳಸುವ ಬಟ್ಟೆಗಳನ್ನು. ಇವು ಮಂಗಳೂರಿನ ಬಟ್ಟೆಯಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತವೆಂದು ತಿಳಿದು ಅವರು ಹಣವನ್ನಷ್ಟೇ ನಮ್ಮ ಕೈಗಿಟ್ಟಿದ್ದರು. ನೈಲಾನ್ ಹಗ್ಗ, ಎರಡು ಡಜನ್ ಬಟ್ಟೆ ಕ್ಲಿಪ್ಪು, ಪ್ಲಾಸ್ಟಿಕ್ ಹ್ಯಾಂಗರುಗಳನ್ನು ನನ್ನ ಹೆಂಡತಿ ನಮ್ಮೂರ ಶಾಸ್ತ್ರಿ ಮಾರುಕಟ್ಟೆಯಿಂದ ತಂದಳು. ಉಡುಗೊರೆಯೆಂದು ಹಗ್ಗ ಕೊಡುವುದು ನೋಡುವವರಿಗೆ ವಿಚಿತ್ರವೆನಿಸಬಹುದು. ಆದರೆ ಮೊಳೆ ಹೊಡೆಯಲಾಗದ ಕೋಣೆಯಲ್ಲಿ ಕಿಟಕಿಯ ಸರಳಿನಿಂದ ಮಂಚದ ಕಾಲಿಗೆ ಕಟ್ಟಿ, ಫ್ಯಾನಿನ ಕೆಳಗೆ ಬಟ್ಟೆ ಹರವಲು ಬರುವುದು ಅದೊಂದೇ. ಹತ್ತಿಯ ಹಗ್ಗವಾದರೆ ಅದೂ ಒದ್ದೆಯಾಗಿಯೇ ಉಳಿಯುತ್ತದೆ. ಕಬ್ಬಿಣದ ತಂತಿಯಾದರೆ ತುಕ್ಕು ಹಿಡಿದು ಬಟ್ಟೆಗೆ ಕಲೆಯಾಗುತ್ತದೆ.

ಛತ್ರಿಯ ವಿಷಯದಲ್ಲಿ ಸ್ವಲ್ಪ ಚರ್ಚೆ ನಡೆಯಿತು. ಚೀಲದೊಳಗೆ ಹಿಡಿಯುವ ಮೂರು ಮಡಿಕೆಯ ಬಣ್ಣದ ಛತ್ರಿ ಹುಡುಗಿಗೆ ಇಷ್ಟವಾಗಿತ್ತು. ನಮ್ಮೂರ ತುಂತುರಿಗೆ ಅದು ಸಾಕು. ಕಡಲ ಕಡೆಯಿಂದ ಗಾಳಿ ಬೀಸಿ ಮಳೆ ಅಡ್ಡಡ್ಡವಾಗಿ ಹೊಡೆಯುವಾಗ ಅಂಥ ಛತ್ರಿ ಮೇಲುಮುಖವಾಗಿ ಮಗುಚಿಕೊಂಡು, ಮಡಿಕೆಯಿರುವ ಕಡೆಯಲ್ಲೇ ಕಡ್ಡಿ ಮುರಿಯುತ್ತದೆ. ಕಡೆಗೆ ಬಾಗಿದ ಹಿಡಿಕೆಯ, ಮಡಿಕೆಯಿಲ್ಲದ ಕಡ್ಡಿಗಳ ಉದ್ದನೆಯ ಕಪ್ಪು ಛತ್ರಿಯನ್ನೇ ಕೊಡುವುದೆಂದಾಯಿತು, ಅದನ್ನೂ ಮಂಗಳೂರಿನಲ್ಲೇ ಕೊಂಡೆವು. ಹಂಪನಕಟ್ಟೆಯ ಅಂಗಡಿಯಾತ ಛತ್ರಿಯನ್ನು ಬಿಚ್ಚಿ, ಕಡ್ಡಿಯ ತುದಿಯನ್ನು ಬಟ್ಟೆಗೆ ಹೊಲಿದಿರುವ ಜಾಗವನ್ನು ಒಂದೊಂದಾಗಿ ಎಳೆದು ತೋರಿಸಿ, ಸಡಿಲವಿದ್ದ ಒಂದಕ್ಕೆ ನಮ್ಮೆದುರೇ ದಾರ ಹಾಕಿ ಬಿಗಿದು ಕೊಟ್ಟ. ಛತ್ರಿ ಕೊಳ್ಳುವಾಗ ನೋಡಬೇಕಾದದ್ದು ಬಟ್ಟೆಯ ಬಣ್ಣಕ್ಕಿಂತ ಈ ಹೊಲಿಗೆಯನ್ನು ಎಂಬುದು ನನಗೆ ಹೊಸ ಪಾಠವಾಗಿತ್ತು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಕೌದಿಯ ಪ್ರಶ್ನೆ. ನನ್ನ ಅವ್ವ ಮೊಮ್ಮಗಳಿಗಾಗಿ ಒಂದು ಕೌದಿಯನ್ನು ಎತ್ತಿಟ್ಟಿದ್ದಳು. ಹಳೆಯ ಇಳಕಲ್ ಸೀರೆಗಳನ್ನು ಐದಾರು ಪದರಗಳಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಕೈಹೊಲಿಗೆ ಹಾಕಿದ್ದ ಆ ಕೌದಿ ಒಣಗಿದ್ದಾಗಲೇ ಎತ್ತಲು ಭಾರ; ಒದ್ದೆಯಾದರೆ ಇಬ್ಬರು ಹಿಡಿದು ಹಿಂಡಬೇಕು. ಮಂಗಳೂರಿನಲ್ಲಿ ಅದನ್ನು ಒಗೆದರೆ ದೀಪಾವಳಿಯವರೆಗೆ ಒಣಗುವುದಿಲ್ಲ, ಒಗೆಯದೆ ಬಿಟ್ಟರೆ ಮುಗ್ಗಲು ವಾಸನೆ ಬರುತ್ತದೆ. "ಮಾಮಾ, ಕೌದಿ ಬ್ಯಾಡ ಅಂತ ಆಯಿಗೆ ನಾ ಹೆಂಗ ಹೇಳ್ಲಿ?" ಎಂದು ಹುಡುಗಿ ನನ್ನ ಬಳಿ ಬಂದಾಗ, ಬೇಡವೆನ್ನುವ ಬದಲು ಅವ್ವನ ಮುಂದೆ ಎರಡು ಷರತ್ತುಗಳನ್ನಿಟ್ಟೆ: ಕೌದಿ ಒಂದು ಸಾಧಾರಣ ಬಕೆಟ್ಟಿನಲ್ಲಿ ಪೂರ್ತಿ ಮುಳುಗಬೇಕು, ಮತ್ತು ಹುಡುಗಿ ಒಬ್ಬಳೇ ಅದನ್ನು ಹಿಂಡುವಂತಿರಬೇಕು. ಅವ್ವ ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರ ಎರಡ ಪದರ ಸಾಕು ಬಿಡು" ಎಂದಳು. ನುಣುಪಾದ ಎರಡು ಹತ್ತಿ ಸೀರೆಗಳನ್ನು ಆರಿಸಿ, ಮಂಚದ ಅಳತೆಗೆ ಮಡಚಿ, ಹೊಲಿಗೆಯ ಸಾಲುಗಳ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟು, ಮಧ್ಯಾಹ್ನಗಳಲ್ಲಿ ಕೂತು ಹೊಸ ಕೌದಿಯನ್ನೇ ಹೊಲಿದುಕೊಟ್ಟಳು. ಮೂಲೆಗಳಲ್ಲಿ ಬಣ್ಣದ ತ್ರಿಕೋನಗಳನ್ನಿಡುವುದನ್ನು ಮಾತ್ರ ಬಿಡಲಿಲ್ಲ. ಹೊದೆಯಲು ಅಷ್ಟೇ ಸಾಕಾಗುವ ಸೆಕೆಯ ಊರು ಅದು. ಹಾಸಲು ಹತ್ತಿಯ ಗಾದಿಯನ್ನು ಒಯ್ಯದೆ, ಅಲ್ಲಿಯೇ ತೆಂಗಿನ ನಾರಿನ ತೆಳುವಾದ ಹಾಸಿಗೆಯೊಂದನ್ನು ಕೊಂಡೆವು. ಹತ್ತಿ ತೇವವನ್ನು ಹೀರಿಕೊಂಡು ಗಂಟುಗಟ್ಟುತ್ತದೆ, ನಾರಿನೊಳಗೆ ಗಾಳಿಯಾಡುತ್ತದೆ.

ವಿದ್ಯುತ್ತಿನ ಸಾಮಾನುಗಳ ವಿಷಯಕ್ಕೆ ಬಂದಾಗ ನನ್ನ ಮಾಸ್ತರಿಕೆ ನೆರವಿಗೆ ಬಂತು. ಸ್ನಾನಕ್ಕೆ ನೀರು ಕಾಯಿಸುವ ಕಾಯಿಲ್, ಚಹಾಕ್ಕೆ ಕೆಟಲ್, ಇಂಡಕ್ಷನ್ ಒಲೆ ಇವುಗಳನ್ನು ಕೊಡಲು ಮೂವರು ಮುಂದೆ ಬಂದಿದ್ದರು. ಹಾಸ್ಟೆಲಿನ ನಿಯಮ ಇವುಗಳನ್ನು ನಿಷೇಧಿಸುತ್ತದೆ ಎಂದಾಗ, "ಎಲ್ಲಾರೂ ಕದ್ದು ಇಟಗೋತಾರ" ಎಂಬ ಉತ್ತರ ಬಂತು. ಆಗ ಲೆಕ್ಕ ಮಾಡಿ ತೋರಿಸಿದೆ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು; 1,500 ವ್ಯಾಟಿನ ಕೆಟಲ್ ಎಳೆಯುವ ಕರೆಂಟು ಆರೂವರೆ ಆಂಪಿಯರ್; ಕೋಣೆಗಳಲ್ಲಿರುವ ಸಣ್ಣ ಪ್ಲಗ್ ಪಾಯಿಂಟು ತಾಳುವುದು ಆರು ಆಂಪಿಯರ್ ಮಾತ್ರ. ಅದರ ಮೇಲೆ ಅದೇ ಗೋಡೆಯ ಆಚೆ ಬದಿಯ ಕೋಣೆಯಲ್ಲೂ ಇನ್ನೊಂದು ಕೆಟಲ್ ಹೊತ್ತಿದ್ದರೆ, ಫ್ಯೂಸ್ ಹೋಗುವುದೇ ಅದೃಷ್ಟ, ಇಲ್ಲವಾದರೆ ತಂತಿ ಬಿಸಿಯಾಗಿ ಸುಡುತ್ತದೆ. ನಿಯಮ ಬರೆದವರಿಗೆ ಹುಡುಗಿಯರ ಚಹಾದ ಮೇಲೆ ಸಿಟ್ಟೇನೂ ಇರಲಿಲ್ಲ. ಆ ಮೂವರ ಹಣದಲ್ಲಿ ಐಎಸ್‌ಐ ಗುರುತಿರುವ, ಪ್ರತಿ ತೂತಿಗೂ ಬೇರೆ ಸ್ವಿಚ್ಚಿರುವ ಉದ್ದ ತಂತಿಯ ಎಕ್ಸ್‌ಟೆನ್ಷನ್ ಬಾಕ್ಸ್, ಚಾರ್ಜ್ ಮಾಡಿಟ್ಟುಕೊಳ್ಳಬಹುದಾದ ಓದುವ ದೀಪ ಮತ್ತು ಬಿಸಿನೀರು ತುಂಬಿಸಿಡುವ ಸ್ಟೀಲ್ ಫ್ಲಾಸ್ಕ್ ಬಂದವು. ಮೆಸ್ಸಿನಲ್ಲಿ ರಾತ್ರಿ ಕುದಿಯುವ ನೀರು ಕೊಡುತ್ತಾರೆ; ಫ್ಲಾಸ್ಕಿನಲ್ಲಿ ಅದು ಬೆಳಗಿನವರೆಗೆ ಬಿಸಿಯಾಗಿರುತ್ತದೆ. ಓದುವ ದೀಪ ಬೇಕಾದದ್ದು ಕರೆಂಟು ಹೋಗುವುದಕ್ಕಾಗಿ ಮಾತ್ರವಲ್ಲ, ಹತ್ತಕ್ಕೆ ಮಲಗುವವರೂ ಎರಡರವರೆಗೆ ಓದುವವರೂ ಒಂದೇ ಕೋಣೆಯಲ್ಲಿ ಜಗಳವಿಲ್ಲದೆ ಇರಬೇಕಾದ್ದಕ್ಕೂ.

ಪವರ್ ಬ್ಯಾಂಕ್ ಬಗ್ಗೆ ಒಂದು ಮಾತು. 10,000 ಎಂಎಎಚ್ ಎಂದು ಬರೆದಿದ್ದರೆ 5,000ದ ಫೋನನ್ನು ಎರಡು ಸಲ ತುಂಬಿಸಬಹುದೆಂದು ಕೊಡುವವರು ತಿಳಿದಿರುತ್ತಾರೆ. ಒಳಗಿನ ಕೋಶಗಳ ವೋಲ್ಟೇಜು ಕಡಿಮೆ, ಅದನ್ನು ಏರಿಸಿ ಫೋನಿಗೆ ಕಳಿಸುವಾಗ ಒಂದಷ್ಟು ಶಾಖವಾಗಿ ನಷ್ಟವಾಗುತ್ತದೆ. ಕೈಗೆ ಸಿಗುವುದು ಒಂದೂಕಾಲು ಸಲದಷ್ಟು. ಹಾಸ್ಟೆಲಿನಲ್ಲಿ ಅಷ್ಟು ಸಾಕು.

ಮಂಗಳೂರು ಬಹುಕಾಲದಿಂದ ಮಲೇರಿಯಾಕ್ಕೆ ಹೆಸರಾದ ಊರು. ಅಲ್ಲಿ ಅದನ್ನು ಹರಡುವ ಸೊಳ್ಳೆ ಕಟ್ಟಡ ಕಟ್ಟುವ ಕಡೆ ನಿಂತ ನೀರಿನಲ್ಲಿ, ಮಾಳಿಗೆಯ ತೊಟ್ಟಿಗಳಲ್ಲಿ, ಸ್ವಚ್ಛವಾದ ನೀರಿನಲ್ಲೇ ಮರಿ ಮಾಡುತ್ತದೆ. ಈ ಸಂಗತಿಯನ್ನು ತಿಳಿದ ಮೇಲೆ, ಮೊಳೆಯ ಅಗತ್ಯವಿಲ್ಲದೆ ಛತ್ರಿಯಂತೆ ಬಿಚ್ಚಿಕೊಳ್ಳುವ ಒಂಟಿ ಮಂಚದ ಸೊಳ್ಳೆಪರದೆಯನ್ನು ನಾನೇ ಕೊಟ್ಟೆ. ಅದರ ಜೊತೆಗೆ ಒಂದು ಚಿಕ್ಕ ಡಬ್ಬಿಯಲ್ಲಿ ಪ್ಯಾರಾಸಿಟಮಾಲ್, ಓಆರ್‌ಎಸ್ ಪುಡಿ, ಗಾಯದ ಪಟ್ಟಿ ಮತ್ತು ಥರ್ಮಾಮೀಟರ್ ಇಟ್ಟು, ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದೆ: ಚಳಿ ಹತ್ತಿ ಜ್ವರ ಬಂದರೆ ಮಾತ್ರೆ ನುಂಗಿ ಮಲಗದೆ ಅಂದೇ ರಕ್ತಪರೀಕ್ಷೆ ಮಾಡಿಸುವುದು. ಇನ್ನೊಂದು ಗಟ್ಟಿ ಕಾಗದದ ಮೇಲೆ ಮನೆಯವರ ಫೋನ್ ಸಂಖ್ಯೆಗಳು, ರಕ್ತದ ಗುಂಪು, ವಾರ್ಡನ್ನರ ಸಂಖ್ಯೆ ಮತ್ತು ಯುಜಿಸಿಯ ರ್‍ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ಇವನ್ನು ಬರೆದು ಲ್ಯಾಮಿನೇಶನ್ ಮಾಡಿಸಿದೆ. ಎಲ್ಲ ಸಂಖ್ಯೆಗಳೂ ಫೋನಿನೊಳಗೇ ಇರುವ ಕಾಲದಲ್ಲಿ, ಫೋನೇ ಕಳೆದುಹೋದ ದಿನ ಅಪ್ಪನ ನಂಬರು ಕೂಡ ಬಾಯಿಗೆ ಬರುವುದಿಲ್ಲ.

ಬೀಗವನ್ನು ಕೊಟ್ಟವರು ಬೀದಿಯ ಕಿರಾಣಿ ಅಂಗಡಿಯ ಕಾಕಾ. ಅವರು ಮೊದಲು ತೋರಿಸಿದ್ದು ದೊಡ್ಡ ಕಬ್ಬಿಣದ ಬೀಗ. ಹಾಸ್ಟೆಲಿನ ಕಪಾಟಿನ ಚಿಲಕದ ತೂತು ಚಿಕ್ಕದು, ದಪ್ಪ ಕೊಂಡಿ ಅದರೊಳಗೆ ಹೋಗುವುದಿಲ್ಲ. ಮೇಲಾಗಿ ಕಡಲ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಮೂರು ಕೀಲಿಗಳಿರುವ ನಡು ಗಾತ್ರದ ಹಿತ್ತಾಳೆಯ ಬೀಗವನ್ನು ಅವರು ಹುಡುಕಿ ತರಿಸಿಕೊಟ್ಟರು. ಒಂದು ಕೀಲಿ ಅವಳ ಬಳಿ, ಒಂದು ಗೆಳತಿಯ ಬಳಿ, ಒಂದು ನಮ್ಮ ಮನೆಯಲ್ಲಿ.

ಊಟದ ವಿಷಯದಲ್ಲಿ ಅಕ್ಕನಿಗೆ ಸಲಹೆ ಕೊಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆದರೂ ಹವೆಯ ಲೆಕ್ಕ ಇಲ್ಲಿಯೂ ಬಂತು. ಎರಡು ಹೊತ್ತು ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿಯ ಸಾರು ಸಿಗುವ ಮೆಸ್ಸಿನಲ್ಲಿ ಜೋಳದ ರೊಟ್ಟಿಯ ನಾಲಿಗೆ ಸೊರಗುವುದು ಸಹಜ; ಅದಕ್ಕಾಗಿ ಕಡಕ್ ರೊಟ್ಟಿಯ ಕಟ್ಟುಗಳು, ಶೇಂಗಾ, ಗುರೆಳ್ಳು, ಅಗಸಿ ಹೀಗೆ ಮೂರು ಬಗೆಯ ಚಟ್ನಿಪುಡಿ, ಅಮೀನಗಡದ ಕರದಂಟು ಇವೆಲ್ಲ ಸಿದ್ಧವಾದವು. ನಮ್ಮೂರಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟರೂ ತಿಂಗಳುಗಟ್ಟಲೆ ಗರಿಯಾಗಿರುವ ಕಡಕ್ ರೊಟ್ಟಿ ಅಲ್ಲಿ ಗಾಳಿಗೆ ಬಿಟ್ಟರೆ ಸಂಜೆಯೊಳಗೆ ಮೆತ್ತಗಾಗುತ್ತದೆ. ಆದ್ದರಿಂದ ರಬ್ಬರ್ ಸುತ್ತಿರುವ ಬಿಗಿ ಮುಚ್ಚಳದ ಡಬ್ಬಿಗಳನ್ನು ಕೊಳ್ಳಲು, ಮೊದಲು ಬಂದಿದ್ದ ಆರು ಜನರ ಪಾತ್ರೆ ಸೆಟ್ಟನ್ನು ಕೊಟ್ಟವರ ಒಪ್ಪಿಗೆಯಿಂದಲೇ ಬದಲಾಯಿಸಿಕೊಂಡೆವು. ಅಗಸಿ ಮತ್ತು ಗುರೆಳ್ಳಿನಲ್ಲಿ ಎಣ್ಣೆಯಂಶ ಹೆಚ್ಚು, ಪುಡಿ ಮಾಡಿದ ಮೇಲೆ ಬೇಗ ಕಮಟುತ್ತವೆ. ಒಂದೇ ಸಲ ಕಿಲೋಗಟ್ಟಲೆ ಕಟ್ಟದೆ ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ತುಂಬಿ, ಒಂದು ಮುಗಿಯುವವರೆಗೆ ಇನ್ನೊಂದನ್ನು ತೆರೆಯಬಾರದೆಂದು ಅಕ್ಕ ಮಗಳಿಗೆ ತಾಕೀತು ಮಾಡಿದಳು. ಒದ್ದೆ ಚಮಚ ಹಾಕಬಾರದೆಂಬ ಇನ್ನೊಂದು ತಾಕೀತು ನಿಲ್ದಾಣದವರೆಗೂ ನಡೆಯಿತು.

ಓದಿನ ಸಾಮಾನುಗಳನ್ನು ಬೇಗ ಮುಗಿಸಬಹುದು. ಬಳಗದಲ್ಲಿ ಎಂಜಿನಿಯರ್ ಆಗಿರುವ ಹಿರಿಯರೊಬ್ಬರು ಡ್ರಾಫ್ಟರ್ ಮತ್ತು ಡ್ರಾಯಿಂಗ್ ಬೋರ್ಡ್ ಕೊಡುವುದಾಗಿ ಹೇಳಿದ್ದರು. ಈಗ ಮೊದಲ ವರ್ಷದ ಡ್ರಾಯಿಂಗನ್ನು ಆ ಕಾಲೇಜಿನಲ್ಲಿ ಕಂಪ್ಯೂಟರಿನಲ್ಲೇ ಕಲಿಸುತ್ತಾರೆಂದು ತಿಳಿದ ಮೇಲೆ ಅವರು, ಪರೀಕ್ಷೆಗೆ ಒಯ್ಯಲು ಅನುಮತಿಯಿರುವ, ಪ್ರೋಗ್ರಾಂ ಬರೆಯಲಾಗದ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೊಟ್ಟರು. ಲ್ಯಾಪ್‌ಟಾಪನ್ನು ಆತುರದಲ್ಲಿ ಕೊಳ್ಳದೆ, ಯಾವ ಸಾಫ್ಟ್‌ವೇರ್ ಬೇಕೆಂದು ತರಗತಿ ಆರಂಭವಾದ ಮೇಲೆ ತಿಳಿದುಕೊಂಡು ಕೊಳ್ಳುವುದೆಂದು ಭಾವ ತೀರ್ಮಾನಿಸಿದರು; 501, 1,001 ಎಂದು ಲಕೋಟೆಗಳಲ್ಲಿ ಬಂದ ಹಣವೆಲ್ಲ ಅವಳ ಹೆಸರಿನ ಬ್ಯಾಂಕ್ ಖಾತೆಯಲ್ಲಿ ಅದಕ್ಕಾಗಿ ಉಳಿಯಿತು.

ವಿಜಯಪುರದಿಂದ ಮಂಗಳೂರಿಗೆ ಹೋಗುವ ರೈಲು ಗದಗ, ಹುಬ್ಬಳ್ಳಿ, ದಾವಣಗೆರೆ, ಹಾಸನ ದಾಟಿ, ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟವನ್ನು ಇಳಿಯುತ್ತದೆ. ಸ್ಲೀಪರ್ ದರ್ಜೆಯಲ್ಲಿ ತಲೆಗೆ 40 ಕಿಲೋವರೆಗೆ ಸಾಮಾನು ಒಯ್ಯಬಹುದು. ನಾವು ಒಯ್ದದ್ದು ಅದಕ್ಕಿಂತ ಬಹಳ ಕಡಿಮೆ, ಏಕೆಂದರೆ ಬಕೆಟ್ಟು, ಮಗ್ಗು, ಹಾಸಿಗೆ, ಛತ್ರಿ, ರಬ್ಬರ್ ಚಪ್ಪಲಿ ಇವೆಲ್ಲವನ್ನೂ ಇಳಿದ ಮೇಲೆ ಕೊಳ್ಳುವುದೆಂದು ಬಿಟ್ಟಿದ್ದೆವು. ಆ ಊರಿನ ಹವೆಗೆ ಒಗ್ಗುವ ಸಾಮಾನು ಆ ಊರಿನ ಅಂಗಡಿಯಲ್ಲೇ ಸಿಗುತ್ತದೆ ಎಂಬುದು ಮೂರನೆಯ ವರ್ಷದ ಆ ಹುಡುಗಿಯ ಸೂತ್ರ. ಅವಳೇ ಹೇಳಿದ ಇನ್ನೊಂದು ಸಂಗತಿಯನ್ನು ನಾವು ಯೋಚಿಸಿಯೇ ಇರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ, ಆದರೆ ಮಂಗಳೂರು ನಗರದೊಳಗೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ಆಧಾರ್ ಕಾರ್ಡು ಒಂದು ಕಡೆ, ಚಿಲ್ಲರೆ ಇನ್ನೊಂದು ಕಡೆ ಹಿಡಿಯುವ, ಕುತ್ತಿಗೆಗೆ ನೇತುಹಾಕಿಕೊಳ್ಳುವ ಜಿಪ್ಪಿನ ಚಿಕ್ಕ ಚೀಲವೊಂದನ್ನು ಹಂಪನಕಟ್ಟೆಯಲ್ಲೇ ಕೊಡಿಸಿದೆ. ನಾನು ಕೊಡಿಸಿದ್ದರಲ್ಲೆಲ್ಲ ಅತ್ಯಂತ ಕಡಿಮೆ ಬೆಲೆಯದು ಅದೇ.

ದೀಪಾವಳಿಗೆ ಬಂದಾಗ ಅವಳಿಂದ ಪೂರ್ತಿ ವರದಿ ತೆಗೆದುಕೊಂಡೆ. ಹೆಚ್ಚು ಕೈಬದಲಾದದ್ದು ಎಕ್ಸ್‌ಟೆನ್ಷನ್ ಬಾಕ್ಸು. ಮೂವರ ಫೋನುಗಳೂ ಅದಕ್ಕೇ ತೂಗುತ್ತವೆ. ಕೌದಿಯನ್ನು ಎರಡು ಸಲ ಒಗೆದಳಂತೆ, ಫ್ಯಾನಿನಡಿ ಒಂದೂವರೆ ದಿನಕ್ಕೆ ಒಣಗಿತಂತೆ. ಕೇಳಿ ಅವ್ವ ಸಮಾಧಾನದಿಂದ ತಲೆಯಾಡಿಸಿದಳು. ಸೊಳ್ಳೆಪರದೆ ನೋಡಿ ಮೊದಲು ನಕ್ಕ ಕೋಣೆಯ ಗೆಳತಿಯರಿಬ್ಬರೂ ಸೆಪ್ಟೆಂಬರಿನಲ್ಲಿ ಅಂಥದ್ದೇ ಕೊಂಡರು. ಉಪಯೋಗಕ್ಕೆ ಬಾರದೆ ಮರಳಿ ಬಂದದ್ದು ಫ್ಲಾಸ್ಕು: ಮೆಸ್ಸಿನ ಬಿಸಿನೀರಿಗೆ ರಾತ್ರಿ ಸಾಲು ನಿಲ್ಲುವುದಕ್ಕಿಂತ ತಣ್ಣೀರೇ ವಾಸಿ ಎಂದು ಅವಳ ಅಭಿಪ್ರಾಯ. ಚಟ್ನಿಪುಡಿಯ ಡಬ್ಬಿಗಳೆಲ್ಲ ಮೊದಲ ತಿಂಗಳಲ್ಲೇ ಖಾಲಿಯಾಗಿದ್ದವು, ಏಕೆಂದರೆ ತಿನ್ನುವವರು ಮೂವರು. ಪುತ್ತೂರಿನ ಗೆಳತಿಗೆ ಗುರೆಳ್ಳಿನ ಪುಡಿ ಕುಚ್ಚಲಕ್ಕಿ ಗಂಜಿಗೆ ಬೇಕೇ ಬೇಕಂತೆ, ಅವಳ ಮನೆಯಿಂದ ಹಲಸಿನ ಹಪ್ಪಳದ ಕಟ್ಟು ಪ್ರತಿಯಾಗಿ ಬರುತ್ತಿದೆಯಂತೆ. ಅಕ್ಕ ಈಗ ಪುಡಿಯ ಅಳತೆಯನ್ನು ಹೆಚ್ಚಿಸದೆ, ಕಳಿಸುವ ಸಲಗಳನ್ನು ಹೆಚ್ಚಿಸಿದ್ದಾಳೆ. ಆ ಕಡೆ ಹೋಗುವವರು ಯಾರೇ ಇರಲಿ, ಅವರ ಚೀಲದಲ್ಲಿ ಒಂದು ಡಬ್ಬಿ ಇರುತ್ತದೆ. ಮಾರ್ಚಿನಿಂದ ಅಲ್ಲಿ ಬೆವರಿನ ಕಾಲ ಆರಂಭವಾಗುವುದರಿಂದ, ಈ ಸಲ ಏನು ಕೊಡಬೇಕೆಂದು ಕೇಳಿದ ಅತ್ತಿಯವರಿಗೆ ತೆಳು ಹತ್ತಿಯ ಎರಡು ಚಾದರ ಮತ್ತು ದಿಂಬಿನ ಕವರುಗಳು ಸಾಕೆಂದು ಬರೆದು ಕಳಿಸಿದ್ದೇನೆ.